ಕಂಪ್ಯೂಟರ್ ಕೇಳಿ-ಹೇಳಿ: ‘ಎಲ್ಲ ಮುಗಿಯಿತು’ ಅಂದಿತು, ಫೈಲ್ ಇಲ್ಲ!

ಪ್ರಶ್ನೆ: ಅಪ್ಪ ಯಕ್ಷಗಾನದ ಆಟಗಳನ್ನು ರಾತ್ರಿಯಿಡೀ ಕೂತು ವಿಡಿಯೊ ಮಾಡುತ್ತಾರೆ. ಲಿನಕ್ಸ್ ಲ್ಯಾಪ್‌ಟಾಪ್ ತುಂಬಿತು ಅಂತ ಅವನ್ನು ಪೆನ್‌ಡ್ರೈವ್‌ಗೆ ಸಾಗಿಸಲು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದೆ. ರಿನೇಮ್ ಹಾಕಿದಾಗ ‘ಎರರ್ 18’ ಬಂತು. ಹಾಗಾಗಿ ಕಾಪಿ ಮಾಡಿ ಮೂಲ ಅಳಿಸುವಂತೆ ಬದಲಿಸಿದೆ. ‘ಎಲ್ಲ ಮುಗಿಯಿತು’ ಅಂತ ಬಂತು. ಆದರೆ ದೊಡ್ಡ ಫೈಲ್ ಒಂದೂ ತೆರೆಯುತ್ತಿಲ್ಲ. ಕೋಡ್ ಕಳಿಸಿದ್ದೇನೆ.
— ಓದುಗಿ, ಹೊನ್ನಾವರ

ಉತ್ತರ: ಮೊದಲು ಆ ಲ್ಯಾಪ್‌ಟಾಪ್ ಆಫ್ ಮಾಡಿ. ಅಳಿಸಿದ ವಿಡಿಯೊ ಅದರ ಡಿಸ್ಕ್‌ನಲ್ಲಿ ಇನ್ನೂ ಉಳಿದಿರಬಹುದು, ಅದರ ಮೇಲೆ ಹೊಸದೇನೂ ಬರೆಯಬಾರದು. ಬೇರೆ ಯುಎಸ್‌ಬಿಯಿಂದ ಬೂಟ್ ಮಾಡಿ, ಅಳಿಸಿದ ಫೈಲ್ ಹುಡುಕಿಕೊಡುವ ಫೋಟೊರೆಕ್ ಎಂಬ ಪ್ರೋಗ್ರಾಂ ಓಡಿಸಿ, ಸಿಕ್ಕಿದ್ದನ್ನು ಇನ್ನೊಂದು ಡಿಸ್ಕ್‌ಗೆ ಇಳಿಸಿ. ಎಸ್‌ಎಸ್‌ಡಿ ಆಗಿದ್ದರೆ ಆಸೆ ಕಡಿಮೆ, ಆದರೂ ಪ್ರಯತ್ನಿಸಿ.

ಈಗ ಕೋಡ್. ಎರರ್ 18 ಅಂದರೆ ಲ್ಯಾಪ್‌ಟಾಪ್, ಪೆನ್‌ಡ್ರೈವ್ ಎರಡರದ್ದೂ ಬೇರೆ ಬೇರೆ ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ), ಅಲ್ಲಿ ರಿನೇಮ್ ನಡೆಯುವುದಿಲ್ಲ. ಕಾಪಿಗೆ ಹೋದದ್ದು ಸರಿಯೇ. ಆದರೆ ಕಾಪಿಯ ಕೆಳಗೆ ‘ಎಕ್ಸೆಪ್ಟ್: ಪಾಸ್’ ಬರೆದಿದ್ದೀರಿ. ಏನೇ ಕೆಟ್ಟರೂ ಸುಮ್ನೆ ಮುಂದೆ ಹೋಗು ಅಂತ ಅದರ ಅರ್ಥ. ಮುಂದಿನ ಸಾಲೇ ಮೂಲ ಅಳಿಸುವುದು! ನಿಮ್ಮ ಪೆನ್‌ಡ್ರೈವ್‌ನ ಫೈಲ್ ಸಿಸ್ಟಂ ಫ್ಯಾಟ್32 ಇರಬೇಕು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಕೆಟ್ಟ ಫೈಲ್‌ಗಳ ಅಳತೆ ನೋಡಿ, ಹೆಚ್ಚೂಕಡಿಮೆ ಅಲ್ಲೇ ನಿಂತಿರುತ್ತವೆ. ಎಂಪಿ4 ವಿಡಿಯೊದಲ್ಲಿ ಯಾವುದು ಎಲ್ಲಿದೆ ಅಂತ ಹೇಳುವ ಸೂಚಿ ಎಷ್ಟೋ ಸಲ ಕೊನೆಯಲ್ಲಿರುತ್ತದೆ, ಬಾಲ ಹೋದರೆ ಫೈಲ್ ತೆರೆಯುವುದೇ ಇಲ್ಲ. ಪೆನ್‌ಡ್ರೈವ್‌ನಲ್ಲಿ ಇರುವುದನ್ನೆಲ್ಲ ಬೇರೆಡೆ ಉಳಿಸಿಕೊಂಡು, ಅದನ್ನು ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫೈಲ್ ಸಿಸ್ಟಂಗೆ ಫಾರ್ಮ್ಯಾಟ್ ಮಾಡಿದರೆ ಈ ಮಿತಿ ತಪ್ಪುತ್ತದೆ.

ಮಿತಿ ತಪ್ಪಿದರೂ ಕೋಡ್ ತಿದ್ದಲೇಬೇಕು. ಶಿರಸಿಯ ನಮ್ಮ ಮನೆಯಲ್ಲಿ ಒಂದು ಮಳೆಗಾಲ, ಆಯಿ ಹಾಡಿದ ಹಾಡುಗಳನ್ನು ಹೀಗೇ ಸಾಗಿಸುತ್ತಿದ್ದೆ. ನಡುವೆ ಕರೆಂಟ್ ಹೋಯಿತು. ಅರ್ಧ ಕಾಪಿಯಾದ ಫೈಲ್ ಪೂರ್ತಿ ಹೆಸರಿನಲ್ಲೇ ಕೂತಿತ್ತು. ಮತ್ತೆ ಓಡಿಸಿದಾಗ ನನ್ನ ಪ್ರೋಗ್ರಾಂ ‘ಇದು ಆಗಲೇ ಇದೆ’ ಅಂತ ಕಾಪಿ ಬಿಟ್ಟು ಮೂಲ ಅಳಿಸಿತು. ಆ ಹಾಡು ಅರ್ಧಕ್ಕೇ ನಿಲ್ಲುತ್ತದೆ. ಆಯಿ ಈಗಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ‘.ಪಾರ್ಟ್’ ಅಂತ ಕೊನೆಯಾಗುವ ತಾತ್ಕಾಲಿಕ ಹೆಸರಿಗೆ ಕಾಪಿ ಮಾಡಿ. ಬರೆದದ್ದು ನಿಜಕ್ಕೂ ಡಿಸ್ಕ್‌ಗೆ ಇಳಿಯಲಿ ಅಂತ ಎಫ್‌ಸಿಂಕ್ ಕರೆಯಿರಿ. ಅಳತೆ, ಎಸ್‌ಎಚ್‌ಎ-256 (ಫೈಲ್‌ನ ಒಳಗಿನದರಿಂದ ಲೆಕ್ಕ ಹಾಕುವ ‘ಬೆರಳಚ್ಚು’) ಎರಡೂ ಮೂಲಕ್ಕೆ ಹೊಂದಿದರೆ ಮಾತ್ರ ಸರಿಯಾದ ಹೆಸರು ಕೊಡಿ. ಮೂಲ ಅಳಿಸುವುದು ಎಲ್ಲಕ್ಕಿಂತ ಕೊನೆಗೆ. ‘ಓಎಸ್‌ಎರರ್’ (ಫೈಲ್ ಕೆಲಸ ಕೆಟ್ಟಾಗ ಪೈಥಾನ್ ಕೊಡುವ ಎರರ್) ಬಂದರೆ ಫೈಲ್ ಹೆಸರು, ಕಾರಣ ಎರಡನ್ನೂ ತೋರಿಸಿ, ಮೂಲ ಮುಟ್ಟದೆ ಮುಂದಿನ ಫೈಲ್‌ಗೆ ಹೋಗಿ. ಒಂದು ಫೈಲ್ ಉಳಿದರೂ ‘ಎಲ್ಲ ಮುಗಿಯಿತು’ ಅನ್ನಬಾರದು.

ಪರೀಕ್ಷೆಗೆ ಬೇಕಂತಲೇ ಕೆಡಿಸಿ. 1 ಎಂಬಿಯ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರುವ ತಾತ್ಕಾಲಿಕ ಡಿಸ್ಕ್) ಮೌಂಟ್ ಮಾಡಿ 5 ಎಂಬಿ ಫೈಲ್ ಅಲ್ಲಿಗೆ ಸಾಗಿಸಿ. ಜಾಗ ಸಾಲದೆ ಎರರ್ 28 ಬರಬೇಕು, ಮೂಲ ಹಾಗೇ ಇರಬೇಕು. ಬರೆಯಲು ಅನುಮತಿಯಿಲ್ಲದ ಫೋಲ್ಡರ್‌ಗೂ ಒಮ್ಮೆ ಕಳಿಸಿ. ಆ ಪರೀಕ್ಷೆಯನ್ನು ಸುಡೊ ಹಾಕಿ ಓಡಿಸಬೇಡಿ, ಹಾಗೆ ಓಡಿಸಿದರೆ ನೀವು ಎಲ್ಲ ಅಧಿಕಾರವಿರುವ ‘ರೂಟ್’ ಆಗುತ್ತೀರಿ, ರೂಟ್‌ಗೆ ಆ ತಡೆ ಲೆಕ್ಕಕ್ಕಿಲ್ಲ. ಇವನ್ನೆಲ್ಲ ಮೊದಲು ಹಳೇ ಕೋಡ್ ಮೇಲೆ ಓಡಿಸಿ, ಮೂಲ ಮಾಯವಾಗುವುದನ್ನು ಕಣ್ಣಾರೆ ನೋಡಿ. ಆಮೇಲೆ ಹೊಸದನ್ನು ಓಡಿಸಿ. ಅಪ್ಪನ ವಿಡಿಯೊ ಬೇಡ, ಸುಮ್ನೆ ಮಾಡಿದ ಸುಳ್ಳು ಫೈಲ್ ಸಾಕು.