ಹಳೆಯ ಮನೆಯ ಸೀಸದ ಕೊಳವೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚಾಮರಾಜಪುರಂನಲ್ಲಿ ನಮ್ಮ ತಾತನವರು ಕಟ್ಟಿಸಿದ ಮನೆಯಿದೆ. ಮೀಟರ್ ಬದಲಿಸಲು ಬಂದ ಪ್ಲಂಬರ್, ಬೀದಿಯಿಂದ ಒಳಬರುವ ಕೊಳವೆ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಅಲ್ಲ, ಸೀಸದ್ದಿರಬಹುದು ಎಂದರು. ಮನೆಯಲ್ಲಿ ಎಂಟು ತಿಂಗಳ ಮೊಮ್ಮಗುವಿದೆ. ನೀರನ್ನು ಚೆನ್ನಾಗಿ ಕುದಿಸಿ, ಆರಿಸಿಯೇ ಹಾಲಿನ ಪುಡಿ ಕಲಸುತ್ತೇವೆ. ಇಷ್ಟು ಸಾಲದೆ?
– ಒಬ್ಬ ಓದುಗರು, ಮೈಸೂರು

ಉತ್ತರ: ಮಾನ್ಯರೆ, ಸಾಲದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಸೀಸ ಲೋಹವಾದ್ದರಿಂದ ಅದು ಆವಿಯಾಗದೆ ನೀರಿನಲ್ಲಿಯೇ ಉಳಿಯುತ್ತದೆ, ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ನೀರಿನಲ್ಲಿ ಕರಗಿದ ಸೀಸಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಕಾರಣ ನೀರು ತಿಳಿಯಾಗಿ ಕಾಣುವುದರಿಂದಲೂ ಸಮಾಧಾನಪಡುವಂತಿಲ್ಲ. ನುಂಗಿದ ಸೀಸದಲ್ಲಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಪಾಲನ್ನು ಎಳೆಯ ಮಕ್ಕಳ ದೇಹ ಹೀರಿಕೊಳ್ಳಬಲ್ಲದು. ಪುಡಿ ಹಾಲು ಕುಡಿಯುವ ಮಗುವಿನ ಆಹಾರದ ಬಹುಪಾಲು ನೀರೇ ಆದ್ದರಿಂದ ಇಂದಿನಿಂದಲೇ ಆ ಹಾಲಿಗೆ ಬೇರೆ ಕಡೆಯ ನೀರನ್ನು ಬಳಸಿ; ಉಳಿದ ಕೆಲಸಗಳನ್ನು ನಿಧಾನವಾಗಿ ಮಾಡಿದರೂ ನಡೆಯುತ್ತದೆ. ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೆ ಎಂಬುದನ್ನು ಮಕ್ಕಳ ವೈದ್ಯರಲ್ಲಿ ಕೇಳಿ.

ಪ್ಲಂಬರ್ ಹೇಳಿದ್ದು ನಿಜವೇ ಎಂದು ತಿಳಿಯಲು ಮೀಟರ್ ಬಳಿಯ ಕೊಳವೆಯನ್ನು ಬೀಗದ ಕೈಯಿಂದ ಮೆಲ್ಲಗೆ ಕೆರೆದು ನೋಡಿ. ಮಾಸಲು ಬೂದುಬಣ್ಣದ ಕೆಳಗೆ ಬೆಳ್ಳಿಯಂತೆ ಹೊಳೆಯುವ ಮೆತ್ತನೆಯ ಲೋಹ ಕಂಡು, ಅದಕ್ಕೆ ಅಯಸ್ಕಾಂತ ಅಂಟದಿದ್ದರೆ ಬಹುತೇಕ ಸೀಸವೇ, ಜಿ.ಐ. ಕೊಳವೆಗೆ ಅಯಸ್ಕಾಂತ ಅಂಟುತ್ತದೆ. ಕೆರೆದ ಕೈಯನ್ನು ತೊಳೆದುಕೊಳ್ಳಲು ಮರೆಯಬೇಡಿ.

ಹರಿಯುವ ನೀರಿಗಿಂತ ಕೊಳವೆಯಲ್ಲಿ ನಿಂತ ನೀರಿಗೆ ಸೀಸ ಹೆಚ್ಚು ಸೇರುತ್ತದೆ. ನಮ್ಮ ಊರುಗಳಲ್ಲಿ ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಬೀದಿಗಳಿರುವುದರಿಂದ ಈ ಮಾತಿಗೆ ಇಲ್ಲಿ ಹೆಚ್ಚಿನ ತೂಕವಿದೆ. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರು ಬೆಳಿಗ್ಗೆ ಸಂಪಿಗೆ ಬಿದ್ದರೆ ಸಾವಿರಾರು ಲೀಟರಿನಲ್ಲಿ ಬೆರೆತು ತೆಳುವಾಗುತ್ತದೆ. ಆದರೆ ಅದೇ ನೀರನ್ನು ಅಂಗಳದ ನಲ್ಲಿಯಿಂದ ನೇರವಾಗಿ ಬಿಂದಿಗೆಗೆ ಹಿಡಿದು, 'ಕಾವೇರಿ ನೀರು, ಸಂಪಿನದ್ದಲ್ಲ' ಎಂದು ಕುಡಿಯಲು ಎತ್ತಿಡುವ ನಮ್ಮ ಹಳೆಯ ರೂಢಿ ಇಂಥ ಮನೆಯಲ್ಲಿ ಮಾತ್ರ ತಿರುಗುಬಾಣವಾಗುತ್ತದೆ. ಅರ್ಧ ಇಂಚಿನ ಕೊಳವೆಯ ಒಂದು ಮೀಟರಿನಲ್ಲಿ ಸುಮಾರು 125 ಮಿಲಿಲೀಟರ್ ನೀರು ಹಿಡಿಯುತ್ತದೆಂದರೆ 30 ಮೀಟರಿಗೂ ನಾಲ್ಕು ಲೀಟರ್ ಮೀರುವುದಿಲ್ಲ. ಆದ್ದರಿಂದ ಮೊದಲ ಒಂದು ಬಕೆಟ್ ನೀರನ್ನು ಬಾಗಿಲು ಸಾರಿಸುವುದಕ್ಕೋ ಬಟ್ಟೆ ನೆನೆಸುವುದಕ್ಕೋ ಇಟ್ಟುಕೊಂಡು, ಅನಂತರದ್ದನ್ನು ಅಡುಗೆಗೆ ಹಿಡಿಯಬೇಕು. ಬಿಸಿನೀರು ಸೀಸವನ್ನು ಇನ್ನಷ್ಟು ಕರಗಿಸುವುದರಿಂದ ಗೀಸರ್ ನೀರನ್ನು ಅನ್ನಕ್ಕಾಗಲಿ ಕಾಫಿಗಾಗಲಿ ಬಳಸಬಾರದು. ಇವೆಲ್ಲ ಅಪಾಯವನ್ನು ತಗ್ಗಿಸುವ ಕ್ರಮಗಳೇ ಹೊರತು ಇಲ್ಲವಾಗಿಸುವಂಥವಲ್ಲ.

ಪರೀಕ್ಷೆಗೆ ಎನ್‌.ಎ.ಬಿ.ಎಲ್. (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಎರಡು ಮಾದರಿಗಳನ್ನು ಕೊಡಿ: ಕನಿಷ್ಠ ಆರು ಗಂಟೆ ನಲ್ಲಿ ತಿರುಗಿಸದೆ ಬಿಟ್ಟು ಹಿಡಿದ ಮೊದಲ ಲೀಟರ್ ಒಂದು, ಕೆಲವು ನಿಮಿಷ ಹರಿಯಬಿಟ್ಟು ಹಿಡಿದದ್ದು ಇನ್ನೊಂದು. ಮೊದಲನೆಯದರಲ್ಲಿ ಮಾತ್ರ ಸೀಸ ಹೆಚ್ಚಿದ್ದರೆ ದೋಷ ನಿಮ್ಮ ಕೊಳವೆಯದು ಅಥವಾ ನಲ್ಲಿಯದು. ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಲೀಟರಿಗೆ 0.01 ಮಿಲಿಗ್ರಾಂ ಮಿತಿ, ಅದಕ್ಕೆ ಸಡಿಲಿಕೆಯಿಲ್ಲ. ಒಮ್ಮೆ ಬಂದ ಒಳ್ಳೆಯ ವರದಿ ಎಂದೆಂದಿಗೂ ಸಲ್ಲುವುದಿಲ್ಲ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲವನ್ನು ಬದಲಿಸಿ, ಸವೆತ ತಡೆಯುವ ರಾಸಾಯನಿಕವನ್ನು ಬೆರೆಸದೆ ಬಿಟ್ಟಾಗ, ಅಷ್ಟು ಕಾಲ ತಣ್ಣಗಿದ್ದ ಅವೇ ಹಳೆಯ ಕೊಳವೆಗಳು ಸೀಸ ಬಿಡತೊಡಗಿದವು. ಮೈಸೂರಿಗೆ ಕಾವೇರಿ, ಕಬಿನಿ ಎರಡೂ ಹೊಳೆಗಳ ನೀರು ಬರುತ್ತದೆಂಬುದನ್ನು ನೆನಪಿಡಿ; ನಿಮ್ಮ ಬೀದಿಯ ನೀರಿನ ಮೂಲ ಬದಲಾದರೆ ಮತ್ತೆ ಪರೀಕ್ಷೆ ಮಾಡಿಸಿ.

ಆರ್.ಓ. ಯಂತ್ರ ಸೀಸವನ್ನು ಬಹುಮಟ್ಟಿಗೆ ತಡೆಯುತ್ತದೆ, ಪೊರೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಮಾತ್ರ. ಬರಿಯ ಯು.ವಿ. ಯಂತ್ರ, ಕ್ಲೋರಿನ್ ಮಾತ್ರೆ, ತಾಮ್ರದ ಚೊಂಬು ಇವುಗಳನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ.

ಶಾಶ್ವತ ಪರಿಹಾರವೆಂದರೆ ಕೊಳವೆಯನ್ನೇ ಬದಲಿಸುವುದು. ಕಾಂಪೌಂಡಿನೊಳಗಿನದ್ದನ್ನಷ್ಟೇ ಕತ್ತರಿಸಿ ಹೊರಗಿನದ್ದನ್ನು ಹಾಗೆಯೇ ಬಿಟ್ಟರೆ, ಅಲುಗಾಟಕ್ಕೆ ಒಳಪದರ ಉದುರಿ ಕೆಲವು ಕಾಲ ಸೀಸ ಮೊದಲಿಗಿಂತ ಹೆಚ್ಚೂ ಆಗಬಹುದು. ಬೀದಿಯ ಫೆರೂಲಿನಿಂದ (ಮುಖ್ಯ ಕೊಳವೆಗೆ ಮನೆಯ ಕೊಳವೆ ಸೇರುವ ಜೋಡಣೆ) ಮೀಟರ್‌ವರೆಗೆ ಪೂರ್ತಿ ಬದಲಿಸಲು ರಸ್ತೆ ಅಗೆಯಬೇಕಾದ್ದರಿಂದ, ಪರೀಕ್ಷೆಯ ವರದಿಯನ್ನು ಲಗತ್ತಿಸಿ ವಾಣಿವಿಲಾಸ ನೀರು ಸರಬರಾಜು ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ನಮ್ಮದು ಹೊಸ ಮನೆ, ಎಲ್ಲವೂ ಪಿ.ವಿ.ಸಿ. ಕೊಳವೆ. ನಮಗೆ ಈ ಚಿಂತೆ ಇಲ್ಲವಲ್ಲ?
– ಇನ್ನೊಬ್ಬ ಓದುಗರು, ಮಂಡ್ಯ

ಉತ್ತರ: ಕಡಿಮೆ ಎನ್ನಬಹುದು, ಇಲ್ಲವೆನ್ನಲಾಗದು. ಪಿ.ವಿ.ಸಿ. ಬಿಸಿಗೆ ಕೆಡದಂತೆ ತಯಾರಿಕೆಯಲ್ಲಿ ಸೀಸದ ಸಂಯುಕ್ತ ಬೆರೆಸುವ ಪದ್ಧತಿಯಿತ್ತು. ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಕುಡಿಯುವ ನೀರಿಗೆ ಐ.ಎಸ್. 4985 ಮುದ್ರೆಯ ಕೊಳವೆಯನ್ನೇ ಕೇಳಿ ಕೊಳ್ಳಿ. ಹಿತ್ತಾಳೆಯ ನಲ್ಲಿಗಳಲ್ಲಿಯೂ ಸ್ವಲ್ಪ ಸೀಸವಿರುವುದುಂಟು, ಹೊಸತರಲ್ಲಿ ಅದು ಹೆಚ್ಚಾಗಿ ಬಿಡುತ್ತದೆ. ಆದ್ದರಿಂದ ಮೊದಲ ಕೆಲವು ವಾರ ನಿಮ್ಮ ಅಡುಗೆಮನೆಯ ನಲ್ಲಿಯ ಬೆಳಗಿನ ನೀರನ್ನು ಪಾತ್ರೆ ತೊಳೆಯುವುದಕ್ಕೆ ಬಿಡಿ.