ಟ್ವಿನ್ ಪೀಕ್ಸ್ ಎಂಬ ಅಮೆರಿಕನ್ ಟಿವಿ ಸರಣಿಯನ್ನು ಯಾವ ಕ್ರಮದಲ್ಲಿ ನೋಡಬೇಕು? ಸಿನಿಮಾ ಮೊದಲೋ, ಸರಣಿ ಮೊದಲೋ?

ಸರಣಿಯೇ ಮೊದಲು. ಲಾರಾ ಪಾಮರ್ ಎಂಬ ಹುಡುಗಿಯ ಕೊಲೆಯ ತನಿಖೆಯೇ ಸರಣಿಯ ಕಥೆ; 1992ರ ಸಿನಿಮಾ ಅವಳ ಕೊನೆಯ ದಿನಗಳ ಕಥೆ. ಕಾಲಕ್ರಮದಲ್ಲಿ ಹಿಂದಿನದೆಂದು ಅದನ್ನು ಮೊದಲು ನೋಡಿದರೆ ಕೊಲೆಗಾರ ಯಾರೆಂಬುದು ಅಲ್ಲೇ ಬಯಲಾಗುತ್ತದೆ.

1990ರ ಪೈಲಟ್‌ನಿಂದ (ಸರಣಿಯ ಆರಂಭದ ಕಂತು) ಶುರುಮಾಡಿ. ಯುರೋಪಿಗಾಗಿ ಬೇರೆ ಮುಕ್ತಾಯ ಸೇರಿಸಿದ ಪೈಲಟ್ ಕೂಡ ಇದೆ, ಅದು ಬೇಡ: ರಹಸ್ಯವನ್ನು ಅವಸರದಲ್ಲಿ ಬಗೆಹರಿಸಿಬಿಡುತ್ತದೆ. ಪೈಲಟ್ ಬಿಟ್ಟರೆ ಮೊದಲ ಸೀಸನ್‌ನಲ್ಲಿ 7 ಕಂತು, ಎರಡನೆಯದರಲ್ಲಿ 22.

ಬಹುತೇಕರು ಕೈಬಿಡುವುದು ಎರಡನೇ ಸೀಸನ್ನಿನ ನಡುವೆ. ವಾಹಿನಿಯ ಒತ್ತಡದಿಂದ ಕೊಲೆಗಾರನನ್ನು 7ನೇ ಕಂತಿನಲ್ಲೇ ತೋರಿಸಬೇಕಾಯಿತು. 9ರಲ್ಲಿ ಪ್ರಕರಣ ಮುಗಿದ ಮೇಲೆ ಕಥೆಗೆ ಬೆನ್ನೆಲುಬೇ ಇಲ್ಲ. ಲಾರಾಳ ಗೆಳೆಯ ಜೇಮ್ಸ್ ಊರು ಬಿಟ್ಟುಹೋಗುವ ಉಪಕಥೆಯನ್ನಂತೂ (ನಿಜಕ್ಕೂ ಸಪ್ಪೆ) ಓಡಿಸಿ ನೋಡಿದರೂ ನಷ್ಟವಿಲ್ಲ. ಆದರೆ ಸರಣಿಯ ಸೃಷ್ಟಿಕರ್ತರಲ್ಲೊಬ್ಬರಾದ ಡೇವಿಡ್ ಲಿಂಚ್ ನಿರ್ದೇಶಿಸಿದ 22ನೇ ಕಂತನ್ನು ಬಿಡಬೇಡಿ. ಕೆಂಪು ಪರದೆಯ ಕೋಣೆಯ ದೃಶ್ಯಗಳು ಅಲ್ಲಿ ಪೂರ್ಣರೂಪದಲ್ಲಿವೆ.

ಆಮೇಲೆ ಸಿನಿಮಾ, ಕೊನೆಗೆ 2017ರಲ್ಲಿ ಮುಂದುವರಿದ ಸರಣಿಯ 18 ಭಾಗಗಳು. ಸಿನಿಮಾ ಬಿಟ್ಟು ನೇರ ಅಲ್ಲಿಗೆ ಹಾರಿದರೆ ಸಿನಿಮಾದಲ್ಲಿ ಬರುವ ಉಂಗುರ, ನೀಲಿ ಗುಲಾಬಿ, ಫಿಲಿಪ್ ಜೆಫ್ರೀಸ್ ಎಂಬ ಪಾತ್ರ ಯಾವುದೂ ತಲೆಗೆ ಹೋಗುವುದಿಲ್ಲ.