ನಾಲಿಗೆಯಡಿಯ ನೀರುಗುಳ್ಳೆಗೆ ಗ್ರಂಥಿಯನ್ನೇ ತೆಗೆಯಬೇಕೆ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಏಳು ತಿಂಗಳ ಹಿಂದೆ ಅವಳ ನಾಲಿಗೆಯ ಕೆಳಗೆ ಎಡಬದಿಯಲ್ಲಿ ನೀಲಿ ಛಾಯೆಯ ಮೆತ್ತನೆಯ ಗುಳ್ಳೆ ಎದ್ದಿತು. ನೋವಿಲ್ಲ. ಒಮ್ಮೆ ತಾನಾಗಿ ಒಡೆದು ಇಳಿದು ಹೋಯಿತು, ಮತ್ತೆ ಬಂತು. ವೈದ್ಯರು ಎರಡು ಸಲ ಸೂಜಿ ಹಾಕಿ ನೀರು ತೆಗೆದರೂ ಕೆಲವೇ ವಾರಗಳಲ್ಲಿ ಮೊದಲಿನಂತೆಯೇ ತುಂಬಿಕೊಂಡಿತು. ಈಗ ಶಸ್ತ್ರವೈದ್ಯರು ಜೊಲ್ಲಿನ ಗ್ರಂಥಿಯನ್ನೇ ತೆಗೆಯಬೇಕು ಎನ್ನುತ್ತಿದ್ದಾರೆ. ಗುಳ್ಳೆಯನ್ನಷ್ಟೇ ತೆಗೆದರೆ ಸಾಲದೇ? ಗ್ರಂಥಿ ಹೋದರೆ ಬಾಯಿ ಒಣಗುವುದಿಲ್ಲವೇ? ಮಾತು ಕೆಡುತ್ತದೆಯೇ?

ಉತ್ತರ: ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾಗದು. ಆದರೆ ನಿಮ್ಮ ವಿವರಣೆ ರಾನ್ಯುಲಾ ಎಂಬ ತೊಂದರೆಗೆ ಚೆನ್ನಾಗಿ ಹೊಂದುತ್ತದೆ. ಲ್ಯಾಟಿನ್ ಭಾಷೆಯಲ್ಲಿ ರಾನಾ ಎಂದರೆ ಕಪ್ಪೆ. ಉಬ್ಬಿದ ಗುಳ್ಳೆ ಕಪ್ಪೆಯ ಹೊಟ್ಟೆಯಂತೆ ಕಂಡದ್ದರಿಂದ ಈ ಹೆಸರು ಬಂದಿದೆ.

ನಾಲಿಗೆಯಡಿಯಲ್ಲಿ ಎರಡೂ ಬದಿಗೆ ಒಂದೊಂದು ಪುಟ್ಟ ಜೊಲ್ಲಿನ ಗ್ರಂಥಿ ಇರುತ್ತದೆ. ಅದಕ್ಕೋ ಅದರ ಸಣ್ಣ ನಾಳಕ್ಕೋ ಪೆಟ್ಟಾದರೆ ಜೊಲ್ಲು ಬಾಯಿಗೆ ಬರುವ ಬದಲು ಸುತ್ತಲಿನ ಮೆದು ಭಾಗದೊಳಗೆ ಸೋರಿ ನಿಲ್ಲುತ್ತದೆ. ಈ ಗ್ರಂಥಿ ಊಟದ ಹೊತ್ತಿಗಾಗಿ ಕಾಯುವುದಿಲ್ಲ, ಹಗಲೂ ರಾತ್ರಿ ಸ್ವಲ್ಪ ಸ್ವಲ್ಪವಾಗಿ ಒಸರುತ್ತಲೇ ಇರುತ್ತದೆ. ಸೂಜಿಯಿಂದ ತೆಗೆದ ನೀರು ಅಷ್ಟು ಬೇಗ ಮತ್ತೆ ತುಂಬಿದ್ದು ಅದಕ್ಕೇ.

‘ಗುಳ್ಳೆಯನ್ನಷ್ಟೇ’ ಎಂದು ಕೇಳಿದ್ದೀರಿ. ಇಲ್ಲಿ ವಿಷಯ ತಿರುಗಾಮುರುಗಾ. ಹೆಚ್ಚಿನ ರಾನ್ಯುಲಾಗಳಿಗೆ ನಿಜವಾದ ಚೀಲದಂತೆ ಸ್ವಂತ ಒಳಪೊರೆ ಇರುವುದಿಲ್ಲ. ಆದ್ದರಿಂದ ಗ್ರಂಥಿಯನ್ನು ತೆಗೆದು ಒಳಗಿನ ದ್ರವವನ್ನು ಹರಿಯಬಿಟ್ಟರೆ, ಗುಳ್ಳೆಯ ಗೋಡೆ ಅಷ್ಟಿಷ್ಟು ಉಳಿದರೂ ತಾನೇ ಕುಗ್ಗಿ ಹೋಗುತ್ತದೆ. ಗುಳ್ಳೆಯನ್ನು ಎಷ್ಟೇ ಅಚ್ಚುಕಟ್ಟಾಗಿ ಬಿಡಿಸಿ ತೆಗೆದರೂ ಗ್ರಂಥಿ ಉಳಿದರೆ ಮರಳುವ ಭಯ ಇದ್ದೇ ಇದೆ. ಗುಳ್ಳೆಯ ಮೇಲ್ಭಾಗವನ್ನು ಕತ್ತರಿಸಿ, ಅಂಚುಗಳನ್ನು ಸುತ್ತಲಿನ ಪೊರೆಗೆ ಹೊಲಿದು ಗುಳ್ಳೆಯನ್ನು ತೆರೆದಿಡುವ ವಿಧಾನವೂ ಇದೆ. ಚಿಕ್ಕ ಗುಳ್ಳೆಗೆ, ಮೊದಲ ಸಲಕ್ಕೆ, ಅದನ್ನು ಮಾಡಿ ನೋಡುವುದುಂಟು. ಆದರೆ ಆ ತೆರಪು ಮುಚ್ಚಿಕೊಂಡು ಗುಳ್ಳೆ ಮರಳುವುದು ಸಾಮಾನ್ಯ. ಇಷ್ಟು ಸಲ ಮರಳಿರುವಾಗ ನಿಮ್ಮ ವೈದ್ಯರ ಸಲಹೆ ಸರಿಯೆಂದೇ ನನ್ನ ಅಭಿಪ್ರಾಯ.

ಬಾಯಿ ಒಣಗುವ ಚಿಂತೆ ಬಿಡಿ. ಜೊಲ್ಲಿನ ಬಹುಪಾಲು ಬರುವುದು ಕಿವಿಯ ಮುಂದಿನ ಮತ್ತು ದವಡೆಯ ಕೆಳಗಿನ ದೊಡ್ಡ ಗ್ರಂಥಿಗಳಿಂದ. ನಾಲಿಗೆಯಡಿಯ ಎರಡೂ ಗ್ರಂಥಿಗಳ ಪಾಲು ಸೇರಿ ನೂರಕ್ಕೆ ಐದರಷ್ಟು. ತೆಗೆಯುವುದು ಅದರಲ್ಲೂ ಒಂದನ್ನು.

ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟು ಬಾಯಿಯ ಒಳಗಿನಿಂದಲೇ ಮಾಡುತ್ತಾರೆ, ಹೊರಗೆ ಕಲೆ ಉಳಿಯುವುದಿಲ್ಲ. ಗ್ರಂಥಿ ಚಿಕ್ಕದು, ಕೆಲಸ ನಾಜೂಕಿನದು. ದವಡೆಯಡಿಯ ಗ್ರಂಥಿಯ ನಾಳ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ನಾಲಿಗೆಗೆ ಸ್ಪರ್ಶಜ್ಞಾನ ಕೊಡುವ ನರ ಆ ನಾಳದ ಅಡಿಯಿಂದ ನುಸುಳಿ ಮೇಲೇರುತ್ತದೆ. ಎರಡನ್ನೂ ಗುರುತಿಸಿ ಕಾಪಾಡಿಕೊಳ್ಳುವುದೇ ಶಸ್ತ್ರವೈದ್ಯರ ಕೈಚಳಕ. ನಾಲಿಗೆಯ ಒಂದು ಬದಿ ಮರಗಟ್ಟಿದರೆ ಅದು ಹೆಚ್ಚಾಗಿ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ, ಅಪರೂಪಕ್ಕೆ ಉಳಿಯುವುದೂ ಉಂಟು. ನಾಳಕ್ಕೆ ಗಾಯವಾದರೆ ಊಟದ ಹೊತ್ತಿಗೆ ದವಡೆಯಡಿ ಊದಬಹುದು. ಮಾತು ಕೆಲವು ದಿನ ತೊದಲಬಹುದು. ಊತ ಇಳಿದಂತೆ ಮೊದಲಿನಂತಾಗುತ್ತದೆ.

ಒಂದು ಎಚ್ಚರಿಕೆ. ಶಸ್ತ್ರಚಿಕಿತ್ಸೆಯ ನಂತರ ನಾಲಿಗೆ ಮೇಲಕ್ಕೆ ಎದ್ದಂತಾದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯಬೇಡಿ. ಒಳಗೆ ರಕ್ತ ಕಟ್ಟಿ ಉಸಿರಿನ ದಾರಿಯನ್ನು ಅದುಮುತ್ತಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ನಾಲಿಗೆಯಡಿಯ ಎಲ್ಲ ಗುಳ್ಳೆಗೂ ಈ ಮಾತು ಅನ್ವಯಿಸದು. ಸರಿಯಾಗಿ ನಡುವಿನಲ್ಲಿ, ಮುಟ್ಟಿದರೆ ನಾದಿದ ಹಿಟ್ಟಿನಂತಿರುವ, ನೀಲಿ ಛಾಯೆಯಿಲ್ಲದ ಗಡ್ಡೆಯಾದರೆ ಅದು ಹುಟ್ಟಿನಿಂದಲೇ ಉಳಿದುಬಂದ ಡರ್ಮಾಯ್ಡ್ ಚೀಲವಾಗಿರಬಹುದು. ಅದಕ್ಕೆ ಸ್ವಂತ ಪೊರೆ ಇರುವುದರಿಂದ ಚೀಲವನ್ನೇ ಇಡಿಯಾಗಿ ಬಿಡಿಸಿ ತೆಗೆಯಬೇಕು.

ಮಗಳ ದವಡೆಯ ಕೆಳಗೆ, ಕತ್ತಿನ ಎಡಬದಿಯಲ್ಲಿ ಮೆತ್ತನೆಯ ಊತ ಇದೆಯೇ ಎಂದು ಮುಟ್ಟಿ ನೋಡಿ. ಜೊಲ್ಲು ಬಾಯಿತಳದ ಸ್ನಾಯುವನ್ನು ದಾಟಿ ಕತ್ತಿನೊಳಗೆ ಇಳಿಯುವುದುಂಟು. ಹಾಗಿದ್ದರೆ ವೈದ್ಯರಿಗೆ ತಿಳಿಸಿ, ಅವರು ಎಂಆರ್‌ಐ ಮಾಡಿಸಬಹುದು. ಆಗಲೂ ಬಾಯಿಯೊಳಗಿನಿಂದ ಗ್ರಂಥಿಯನ್ನು ತೆಗೆದರೆ ಸಾಕಾಗುತ್ತದೆ, ಕತ್ತನ್ನು ಕೊಯ್ಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.